ಏಳನೆಯ ಬಾಬತ್ತು

ನಮ್ಮೂರಿನಲ್ಲಿ ಬಾಗಿಲಿಗಿಂತ ಮೊದಲು ಬೀಗ ತಂದರೆ ಬೀಗ ಉಳಿಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಅಂಗಡಿಗೆ ವಾಪಸ್ಸು ಹೋಗಿ, ತನ್ನ ಕಾಗದದ ಪೊಟ್ಟಣದೊಳಗೆ ಸೇರಿಕೊಂಡು, ಏನೂ ಆಗಿಲ್ಲವೆನ್ನುವಂತೆ ಕೂತಿರುತ್ತದೆ. ಮಗು ಹುಟ್ಟುವ ಮೊದಲೇ ತೊಟ್ಟಿಲು ತಂದ ಉತ್ಸಾಹಿ ಗಂಡಸರು ಮಾರನೆಯ ದಿನ ಅದನ್ನು ಬಡಗಿಯ ಜಗುಲಿಯ ಮೇಲೆ ಕಂಡು ತಲೆ ಕೆರೆದುಕೊಳ್ಳುತ್ತಾರೆ. ಯಾವುದಕ್ಕೆ ಯಾವುದು ಮೊದಲು ಬೇಕೋ ಅದು ಮೊದಲು ಇರಬೇಕು. ಮೂರು ಸಲ ಹೀಗೆ ವಾಪಸ್ಸು ಹೋದದ್ದು ನಾಲ್ಕನೆಯ ಸಲ ಊರೊಳಗೆ ಕಾಲಿಡುವುದಿಲ್ಲ. ಮೊದಲು ಗೋಪುರ ಕಟ್ಟಿ ಎಂದು ಜನ ಬಾಯಿ ಬಡಿದುಕೊಂಡರೂ ಪುರಸಭೆಯವರು ಮೂರು ಸಲವೂ ಗಡಿಯಾರವನ್ನೇ ಮೊದಲು ತರಿಸಿದರು. ಈಗ ನಮ್ಮೂರಲ್ಲಿ ಗೋಪುರವಿದೆ, ಗಡಿಯಾರವಿಲ್ಲ.

ಇದ್ದದ್ದನ್ನು ಕೀಳುವುದಂತೂ ಇನ್ನೂ ಭಯದ ಮಾತು. ಕೆಳಗಿನದನ್ನು ತೆಗೆದರೆ ಅದರ ಮೇಲೆ ನಿಂತದ್ದೆಲ್ಲ ಒಂದರ ಹಿಂದೆ ಒಂದು ಹೊರಟುಬಿಡುತ್ತದೆ. ನಮ್ಮ ದೊಡ್ಡಪ್ಪ ಗೋಡೆಯಲ್ಲಿದ್ದ ಒಂದು ಹಳೇ ಗೂಟ ಕಿತ್ತದ್ದಕ್ಕೆ ಮೊದಲು ಅದಕ್ಕೆ ನೇತುಹಾಕಿದ್ದ ಲಾಟೀನು ಹೋಯಿತು, ಆಮೇಲೆ ಅಟ್ಟ ಹೋಯಿತು, ಎಂಟು ದಿನಕ್ಕೆ ಸೊಸೆ ತವರಿಗೆ ಹೋದಳು. ಅದಕ್ಕೇ ಇಲ್ಲಿ ಯಾರೂ ಏನನ್ನೂ ಬಿಸಾಡುವುದಿಲ್ಲ. ನಮ್ಮ ಮನೆಗಳಿಗೆ ಬಂದರೆ ನಿಮಗೆ ಕಾಲಿಡಲು ಜಾಗ ಸಿಗುವುದಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ನನ್ನ ಹೆಸರು ಚೌಡಮ್ಮ, ವಯಸ್ಸು ಐವತ್ತನಾಲ್ಕು. ನೀರು ಸರಬರಾಜು ಕಚೇರಿಯಲ್ಲಿ ಅಟೆಂಡರ್. ಇಪ್ಪತ್ತಾರು ವರ್ಷದಿಂದ ಅಲ್ಲಿ ಕಸ ಗುಡಿಸಿ, ಧೂಳು ಒರೆಸಿ, ಕಾಫಿ ಕೊಟ್ಟಿದ್ದೇನೆ. ನೀರಿನ ಕಚೇರಿಯಲ್ಲಿ ಕೆಲಸ ಮಾಡುವವಳ ಮನೆಗೆ ನೀರಿಲ್ಲ ಎಂದರೆ ನೀವು ನಗಬಹುದು. ನಮ್ಮದು ಮೇಲಿನ ಬೀದಿ. ಬಂಡೆಯ ನೆತ್ತಿಯ ಮೇಲೆ ಅರವತ್ತು ಮನೆ, ಕೆಳಗಿನ ಊರಿಗೆ ನೂರ ನಲವತ್ತೆರಡು ಮೆಟ್ಟಿಲು. ನನ್ನ ಅಜ್ಜಿ ಹತ್ತಿದಳು, ಅಮ್ಮ ಹತ್ತಿದಳು, ನಾನೂ ಹತ್ತುತ್ತಿದ್ದೆ, ಸೊಂಟದ ಮೇಲೊಂದು ಕೊಡ, ಕೈಯಲ್ಲೊಂದು ಬಿಂದಿಗೆ. ಪೈಪು ಹಾಕಿ ನಲವತ್ತು ವರ್ಷವಾಗಿತ್ತು. ಆದರೆ ನಲ್ಲಿಗಿಂತ ಮೊದಲು ನೀರು ಬೇಕಲ್ಲ, ಹಾಗಾಗಿ ನಲ್ಲಿ ಕೂರಿಸಿದವರ ನಲ್ಲಿಯೆಲ್ಲ ವಾಪಸ್ಸು ಹೋಗಿ, ಪ್ರತಿ ಮನೆಯ ಗೋಡೆಯಿಂದಲೂ ಬರೀ ಪೈಪಿನ ಬಾಯಿ ಹೊರಗೆ ಚಾಚಿಕೊಂಡಿತ್ತು. ನಮ್ಮ ಮನೆಯದರಲ್ಲಿ ಹಲ್ಲಿ ಸಂಸಾರ ಹೂಡಿತ್ತು.

ನೀರು ಮೇಲೆ ಹತ್ತದಿರುವುದಕ್ಕೆ ಕಾರಣ ಇಷ್ಟೇ. ಕೆಳಗಿನ ಊರಿನ ಹದಿನೆಂಟು ವಾಲ್ವುಗಳನ್ನು ಒಂದೇ ಗಳಿಗೆಯಲ್ಲಿ ಮುಚ್ಚಿದರೆ ಮಾತ್ರ ನಮ್ಮ ಬಂಡೆಗೆ ಹತ್ತುವಷ್ಟು ಒತ್ತಡ ಬರುತ್ತದೆ. ಹದಿನೆಂಟು ಮೂಲೆಯಲ್ಲಿ ಹದಿನೆಂಟು ವಾಲ್ವ್‌ಮನ್‌ಗಳು. ಹದಿನೇಳು ಜನ ಮುಚ್ಚಿದರೆ ಒಬ್ಬ ಬೀಡಿ ಸೇದಲು ಹೋಗಿರುತ್ತಿದ್ದ. ಕೊನೆಗೆ ವಾಲ್ವುಗಳಿಗೆ ಮೋಟರು ಬಂತು, ಅವನ್ನು ತಿರುಗಿಸಲು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಬಂತು. ಯಾವ ಪೈಪು ಎಲ್ಲಿ, ಯಾವುದಕ್ಕೆಷ್ಟು ಒತ್ತಡ, ಎಷ್ಟು ಹೊತ್ತು ಎನ್ನುವ ಲೆಕ್ಕವೆಲ್ಲ ಡೇಟಾಬೇಸ್ ಎಂಬುದರೊಳಗೆ ಮೊದಲೇ ಇತ್ತು. ಆದರೆ ಪ್ರೋಗ್ರಾಂ ಡೇಟಾಬೇಸನ್ನು ಕೇಳಿ ತಿಳಿಯಬೇಕಾದರೆ ನಡುವೆ ಕನೆಕ್ಟರ್ ಅಂತ ಒಂದಿರಬೇಕಂತೆ. ಮಾತಾಡಿಸುವವರಿಲ್ಲದ ಇಬ್ಬರು ನೆಂಟರ ಹಾಗೆ ಎರಡೂ ಒಂದೇ ಪೆಟ್ಟಿಗೆಯೊಳಗೆ ಕೂತಿದ್ದವು. ಆ ಕನೆಕ್ಟರ್ ಹೊರಗಿನ ಊರಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ, ಒಂದು ಡಿಸ್ಕು ಒಂದು ಪುಸ್ತಿಕೆಯ ಸಮೇತ ಬಂತು.

ಅದನ್ನು ಹಾಕುವ ಮೊದಲು ಏನೇನು ಇರಬೇಕೋ ನೋಡುವುದು ನೀಲಾಂಬಿಕೆಯ ಕೆಲಸ. ನಮ್ಮೂರಿನ ಪ್ರತಿ ಕಚೇರಿಯಲ್ಲೂ ಒಬ್ಬ ಪೂರ್ವತಪಾಸಣೆ ಗುಮಾಸ್ತರು ಇರುತ್ತಾರೆ, ನಮ್ಮಲ್ಲಿ ಅವಳು. ಮೂವತ್ತೆರಡು ವರ್ಷ, ತೆಳ್ಳಗೆ ಕಡ್ಡಿಯಂತಿದ್ದಾಳೆ, ಚಪ್ಪಲಿ ಹಾಕುವ ಮೊದಲು ಎರಡು ಕಾಲೂ ಇವೆಯೇ ಎಂದು ನೋಡಿಕೊಳ್ಳುವ ಜಾತಿ. ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾಳೆ. ಬೆಳಿಗ್ಗೆ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಾವಿಬ್ಬರೂ ಎಪ್ಪತ್ತನೆಯ ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದೆವು. "ಚೌಡಕ್ಕಾ, ಈ ಕನೆಕ್ಟರ್ ಒಂದು ನಿಂತುಬಿಡಲಿ, ನಿಮ್ಮನ್ನ ಈ ಮೆಟ್ಟಿಲ ಮೇಲೆ ಕೊಡ ಹಿಡ್ಕೊಂಡು ನೋಡಲ್ಲ ನಾನು" ಅನ್ನುತ್ತಿದ್ದಳು. ಅವಳು ಹಾಗೆ ಅಂದಾಗ ಮಿಕ್ಕ ಎಪ್ಪತ್ತೆರಡು ಮೆಟ್ಟಿಲು ಹಗುರವಾಗುತ್ತಿದ್ದವು, ಸುಳ್ಳು ಯಾಕೆ ಹೇಳಲಿ.

ಕಚೇರಿಯ ತಪಾಸಣೆ ನಮೂನೆಯಲ್ಲಿ ಎರಡೇ ಕಲಂ. ಒಂದು ಬಾಬತ್ತು, ಅಂದರೆ ಏನಿರಬೇಕು ಅನ್ನುವುದು; ಇನ್ನೊಂದು 'ಇದೆ'. ಇಲ್ಲ ಎನ್ನುವ ಕಲಂ ಯಾರೂ ಅಚ್ಚು ಹಾಕಿಸಿಲ್ಲ. ಇಲ್ಲದಿದ್ದರೆ ಕೆಲಸವನ್ನೇ ಶುರು ಮಾಡುವುದಿಲ್ಲವಲ್ಲ, ಮತ್ತೆ ಕಲಂ ಯಾಕೆ? ಪುಸ್ತಿಕೆ ನೋಡಿ ಏಳು ಬಾಬತ್ತನ್ನು ನಮೂನೆಗೆ ಇಳಿಸಿದವರು ಹಿರಿಯ ಗುಮಾಸ್ತರಾದ ಪದ್ಮರಾಜಯ್ಯನವರು. ಅವರ ಬಗ್ಗೆ ಎರಡು ಮಾತು ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಇದೇ ಕಂಪ್ಯೂಟರಿಗೆ ಮೊದಲನೆಯ ಕನೆಕ್ಟರ್, ಡೇಟಾಬೇಸನ್ನು ಪ್ರಿಂಟರಿಗೆ ಜೋಡಿಸುವಂಥದು, ಹಾಕಿದವರು ಅವರೇ. ಅದರಿಂದಲೇ ದಿನಾ ಬೆಳಿಗ್ಗೆ ಹದಿನೆಂಟು ವಾಲ್ವ್‌ಮನ್‌ಗಳಿಗೆ ಹದಿನೆಂಟು ಚೀಟಿ ಪ್ರಿಂಟಾಗಿ ಬರುತ್ತಿತ್ತು, ಇಂಥ ಬೀದಿಗೆ ಇಷ್ಟು ಹೊತ್ತು ಬಿಡು ಅಂತ. ಊರು ಕುಡಿಯುವ ನೀರೆಲ್ಲ ಆ ಚೀಟಿಯ ಮೇಲೆ ನಿಂತಿತ್ತು. ಪದ್ಮರಾಜಯ್ಯನವರು ದಾರಿಯಲ್ಲಿ ಹೊರಟರೆ ಜನ ಎದ್ದು ನಿಲ್ಲುತ್ತಿದ್ದರು.

ಮೊದಲ ಸಲ ನೀಲಾ ಏಳು ಬಾಬತ್ತನ್ನೂ ನೋಡಿ ಏಳು ಗುರುತು ಹಾಕಿದಳು. ಕಂಪ್ಯೂಟರಿನ ನೆನಪು ಸಾಲುವಷ್ಟು ಇದೆ. ಡಿಸ್ಕಿನಲ್ಲಿ ಜಾಗ ಇದೆ. ಅಧಿಕಾರಿ ತಿಪ್ಪೇಶಿಯವರು ಜಾಗ ಎಂದ ತಕ್ಷಣ ಟೇಪು ತಂದು ಮೇಜು ಅಳೆದು ಬೀರು ಸರಿಸಿದರು, ಅದು ಬೇರೆ ಕಥೆ. ಡೇಟಾಬೇಸ್ ಇದೆ, ಎದ್ದು ಕೆಲಸ ಮಾಡುತ್ತಿದೆ. ಹಾಕಲು ಅನುಮತಿ ಇದೆ. ಹೀಗೆ ಏಳೂ. ಡಿಸ್ಕು ಹಾಕಿದರೆ ಪರದೆಯ ಮೇಲೆ ಹಸಿರು ಪಟ್ಟಿ ಅರ್ಧ ಓಡಿ ನಿಂತಿತು. ಮೊದಲು ಇರಬೇಕಾದದ್ದು ಸರಿಯಿಲ್ಲ ಎಂಬ ಒಂದು ಸಾಲು ಬಂತು; ಯಾವುದು ಅಂತ ಹೇಳಲಿಲ್ಲ, ಬಡ್ಡೀಮಗಂದು. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಮೇಜಿನ ಮೇಲಿಂದ ಮಾಯ. ಕಳಿಸಿದವರಿಂದ ವಾರಕ್ಕೆ ಕಾಗದ ಬಂತು, ನಿಮ್ಮ ಪೆಟ್ಟಿಗೆ ಇಲ್ಲಿಗೇ ಬಂದಿದೆ ಅಂತ. ಎರಡನೆಯ ಸಲವೂ ಹಾಗೇ ಆಯಿತು, ಅದೇ ಜಾಗದಲ್ಲಿ ಪಟ್ಟಿ ನಿಂತಿತು, ಅದೇ ಮಾತು.

ಈಗ ಉಳಿದದ್ದು ಒಂದೇ ಸಲ. ಮೂರನೆಯ ಪೆಟ್ಟಿಗೆ ವಾಪಸ್ಸಾದರೆ ಕನೆಕ್ಟರ್ ಎಂಬುದು ನಮ್ಮೂರಿಗೆ ಇನ್ನೆಂದೂ ಬರುವುದಿಲ್ಲ, ಮೇಲಿನ ಬೀದಿಗೆ ನೀರು ಇನ್ನೆಂದೂ ಹತ್ತುವುದಿಲ್ಲ. "ಬೇಡ ಬಿಡಿ ನೀಲಾಂಬಿಕೆ, ರಿಸ್ಕ್ ಯಾಕೆ? ಮೇಲಿನ ಬೀದಿಯೋರಿಗೆ ಹೆಂಗೂ ಅಭ್ಯಾಸ ಆಗಿದೆಯಲ್ಲ" ಅಂದರು ತಿಪ್ಪೇಶಿ. ನಾನು ಕಾಫಿ ಲೋಟ ಅವರ ಮುಂದೆ ಕುಕ್ಕಿದೆ. ಅಭ್ಯಾಸವಂತೆ! ಎರಡು ಮೆಟ್ಟಿಲು ಹತ್ತಿದರೆ ಹಂದಿಯ ಹಾಗೆ ಬುಸುಗುಡುವ ಮನುಷ್ಯ.

ನೀಲಾ ಜಗ್ಗಲಿಲ್ಲ. ಮೂರನೆಯ ಪೆಟ್ಟಿಗೆ ತರಿಸಿದಳು, ಆದರೆ ಒಂಬತ್ತು ದಿನ ಡಿಸ್ಕು ಮುಟ್ಟಲಿಲ್ಲ; ಹಾಕಲು ಹೋಗುವ ತನಕ ಅದು ತಂದದ್ದೆಂಬ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಪೆಟ್ಟಿಗೆ ಮೇಜಿನ ಮೇಲೇ ಕೂತಿತ್ತು. ದಿನಾ ಬಂದು ಏಳು ಬಾಬತ್ತು ನೋಡುವುದು, ಗುರುತು ಹಾಕುವುದು, ಉಗುರು ಕಚ್ಚುವುದು. ಹತ್ತನೆಯ ದಿನ ಮಧ್ಯಾಹ್ನ ನಾನು ಬುತ್ತಿ ಬಿಚ್ಚುತ್ತಿದ್ದೆ. ಅವಳು ನಮೂನೆಯನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯೊಳಗಿನ ಪುಸ್ತಿಕೆಯನ್ನೇ ಅಕ್ಷರ ಅಕ್ಷರ ಓದತೊಡಗಿದಳು. ಓದುತ್ತಾ ಓದುತ್ತಾ ಮುಖ ಬಿಳಿಚಿಕೊಂಡಿತು.

"ಚೌಡಕ್ಕಾ, ಏಳನೇದು ಏನಂತ ಬರೆದಿದೆ ನಮೂನೇಲಿ?"

"ನನಗೇನು ಗೊತ್ತು ತಾಯಿ, ನೀನೇ ಓದು."

"ಹಳೇ ಕನೆಕ್ಟರ್. ನಾನು ಅಷ್ಟೂ ಸಲ ಇದೆ ಅಂತ ಗುರುತು ಹಾಕಿದೀನಿ. ಸಂತೋಷವಾಗಿ ಹಾಕಿದೀನಿ! ಪುಸ್ತಕದಲ್ಲಿರೋದು ಏನು ಗೊತ್ತಾ? ಹಳೇ ಕನೆಕ್ಟರ್ ಇರಬಾರದು. ಇದ್ದರೆ ಮೊದಲು ತೆಗೀರಿ."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಪದ್ಮರಾಜಯ್ಯನವರನ್ನು ಬೈದು ಪ್ರಯೋಜನವಿಲ್ಲ, ನಮ್ಮೂರಿನವರು ಯಾರೇ ಇಳಿಸಿದ್ದರೂ ಹಾಗೇ ಇಳಿಸುತ್ತಿದ್ದರು. ಇರಬಾರದು ಎನ್ನುವ ಷರತ್ತು ನಮ್ಮ ತಲೆಗೆ ಹೊಳೆಯುವುದೇ ಇಲ್ಲ. ನಾವು ಇರುವುದನ್ನು ಎಣಿಸುವ ಜನ.

ತಿಪ್ಪೇಶಿಯವರು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ಕೀಳೋದಾ? ತಲೆಗಿಲೆ ಕೆಟ್ಟಿದೆಯೇನಮ್ಮಾ? ಅದರ ಮೇಲೆ ಚೀಟಿ ನಿಂತಿದೆ, ಚೀಟಿ ಮೇಲೆ ವಾಲ್ವು ನಿಂತಿದೆ, ವಾಲ್ವಿನ ಮೇಲೆ ಊರು ನಿಂತಿದೆ. ಅರವತ್ತು ಮನೆಗೆ ನೀರು ಕೊಡೋಕೆ ಹೋಗಿ ಆರು ಸಾವಿರ ಮನೆ ನಲ್ಲಿ ಕಳಕೊಳ್ಳೋದಾ?" ಪದ್ಮರಾಜಯ್ಯನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಹೌದಮ್ಮ, ಚೀಟಿ ಅದರಿಂದಾನೇ ಬರೋದು" ಅಂದರು, ಕಿಟಕಿಯ ಕಡೆ ನೋಡುತ್ತಾ.

ಆವತ್ತು ಸಂಜೆ ಮೆಟ್ಟಿಲ ಮೇಲೆ ನೀಲಾ ಅತ್ತಳು. ಮೊದಲ ಸಲ ಅವಳು ಅತ್ತದ್ದು ನೋಡಿದೆ. ಅವಳನ್ನು ಸಮಾಧಾನ ಮಾಡಲು ಏನಾದರೂ ಹೇಳಬೇಕಲ್ಲ, ಬಾಯಿಗೆ ಬಂದದ್ದು ಹೇಳಿದೆ. "ಆ ಹಾಳು ಪ್ರಿಂಟರಿನಿಂದ ಚೀಟಿ ಹೆಂಗೆ ಬರ್ತದೋ ನಾ ಕಾಣೆ. ಮೊದಲೆಲ್ಲ ಅದನ್ನ ಒರೆಸಿದ್ರೆ ಬಟ್ಟೆ ಮಸಿಮಸಿ ಆಗ್ತಿತ್ತು. ಏಳು ವರ್ಷದಿಂದ ಬರೀ ಧೂಳು. ರಿಬ್ಬನ್ನು ಒಣಗಿ ಸೌದೆ ಆಗಿದೆ."

ಅವಳು ಅಳು ನಿಲ್ಲಿಸಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಏಳು ವರ್ಷದಿಂದಾನಾ? ಯಾಕೆ ಹೇಳಲಿಲ್ಲ ಚೌಡಕ್ಕಾ?"

"ಕೇಳಿದ್ದು ಯಾರು? ಇಪ್ಪತ್ತಾರು ವರ್ಷದಲ್ಲಿ ನನ್ನನ್ನ ಕಾಫಿಗೆ ಸಕ್ಕರೆ ಎಷ್ಟು ಅಂತ ಬಿಟ್ಟು ಇನ್ನೇನಾದ್ರೂ ಕೇಳಿದಾರಾ ಆ ಆಫೀಸಲ್ಲಿ?"

ಮಾರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾವಿಬ್ಬರೂ ಕಚೇರಿಯ ಹಿಂಬಾಗಿಲಿನಿಂದ ಒಳಗೆ ಹೋದೆವು. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಚೀಟಿ ಕೋಣೆಯಲ್ಲಿ ಪದ್ಮರಾಜಯ್ಯನವರು ಮೇಜಿಗೆ ಬಾಗಿ ಕೂತಿದ್ದರು. ಮುಂದೆ ಅಂಚಿನಲ್ಲಿ ತೂತುಗಳಿರುವ ಪ್ರಿಂಟರ್ ಕಾಗದ, ಪಕ್ಕದಲ್ಲಿ ಗೆರೆಪಟ್ಟಿ, ಕೈಯಲ್ಲಿ ಕಪ್ಪು ಶಾಯಿಯ ಪೆನ್ನು. ಒಂದೊಂದೇ ಚುಕ್ಕೆ ಇಟ್ಟು, ಪ್ರಿಂಟರಿನ ಅಕ್ಷರದ ಹಾಗೇ ಅಕ್ಷರ ಬರೆಯುತ್ತಿದ್ದರು. ಹದಿಮೂರು ಚೀಟಿ ಮುಗಿದಿತ್ತು, ಐದು ಬಾಕಿ. ನಮ್ಮನ್ನು ಕಂಡು ಪೆನ್ನು ಕೆಳಗಿಟ್ಟರು, ಬಚ್ಚಿಡಲು ಹೋಗಲಿಲ್ಲ.

ನೀಲಾ ಬೈಯುತ್ತಾಳೇನೋ ಅಂದುಕೊಂಡೆ. ಅವಳು ಒಂದು ಚೀಟಿ ಎತ್ತಿಕೊಂಡು ಬೆಳಕಿಗೆ ಹಿಡಿದಳು. "ಸಾರ್, ಎಷ್ಟು ಚೆನ್ನಾಗಿ ಬರೆದಿದೀರಿ" ಅಂದಳು. ಅಷ್ಟಕ್ಕೇ ಆ ಮನುಷ್ಯ ಚಿಕ್ಕ ಮಕ್ಕಳ ಹಾಗೆ ಅಳಲು ಶುರುವಿಟ್ಟುಕೊಂಡರು.

"ಆ ರಿಬ್ಬನ್ ಮಾಡೋ ಕಂಪನಿ ಮುಚ್ಚಿಹೋಯ್ತಮ್ಮ. ಲೆಕ್ಕವೆಲ್ಲ ನನಗೆ ಬಾಯಿಪಾಠ ಇತ್ತು, ಮೊದಲ ದಿನ ಕೈಯಲ್ಲಿ ಬರೆದು ಕೊಟ್ಟೆ. ವಾಲ್ವ್‌ಮನ್‌ಗಳು ಒಪ್ಪಲಿಲ್ಲ. ನೀನು ಬೇಕಾದ ಬೀದಿಗೆ ಜಾಸ್ತಿ ಬರೆದಿದೀಯ ಅಂತ ಜಗಳಕ್ಕೇ ಬಂದ್ರು. ಮಿಷನ್ ಬರೆದ್ರೆ ಯಾರೂ ತಕರಾರು ಮಾಡಲ್ಲ. ಅದಕ್ಕೇ ಮಿಷನ್ ಥರ ಬರೆಯೋದು ಕಲಿತೆ. ಏಳು ವರ್ಷ. ಒಂದು ದಿನ ರಜ ಹಾಕಿಲ್ಲ. ಮಗಳ ಮದುವೆ ಮುಹೂರ್ತದ ದಿನಾನೂ ಬಂದು ಬರೆದಿಟ್ಟು ಹೋದೆ. ಇದನ್ನ ಈಗ ಹೇಳಿದ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ."

"ಸಾರ್, ಊರಿನ ನೀರು ಏಳು ವರ್ಷದಿಂದ ನಿಂತಿರೋದು ಆ ಕನೆಕ್ಟರ್ ಮೇಲಲ್ಲ, ನಿಮ್ಮ ಮೇಲೆ" ಅಂದಳು ನೀಲಾ. "ಅದರ ಮೇಲೆ ಏನೂ ಇಲ್ಲ ಅಂತ ಹಾಕಿದೋರೇ ಬರೆದು ಕೊಟ್ರೆ ಮಾತ್ರ ತೆಗೆಯೋಕಾಗೋದು. ನಾನು ಬಲವಂತ ಮಾಡಲ್ಲ. ಚೌಡಕ್ಕನೂ ಬಾಯಿ ಬಿಡಲ್ಲ."

ನಾನು ಬಾಯಿ ಬಿಡುವುದಿಲ್ಲ ಎಂದು ಅವಳೇ ಹೇಗೆ ತೀರ್ಮಾನಿಸಿದಳೋ! ಆದರೂ ಸುಮ್ಮನಿದ್ದೆ. ಪದ್ಮರಾಜಯ್ಯನವರು ಪೆನ್ನು ಮತ್ತೆ ಎತ್ತಿಕೊಂಡರು. ಉಳಿದ ಐದು ಚೀಟಿಯನ್ನು ನಿಧಾನವಾಗಿ ಬರೆದು ಮುಗಿಸಿದರು, ಏನೇ ಆದರೂ ಅವತ್ತಿನ ನೀರು ಬಿಡಬೇಕಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಚೌಡಮ್ಮ, ನಿಮ್ಮ ಬೀದಿಗೆ ಎಷ್ಟು ಮೆಟ್ಟಿಲು?" ಅಂದರು.

"ನೂರ ನಲವತ್ತೆರಡು ಸಾರ್."

"ಎಷ್ಟು ಸಲ ಹತ್ತುತೀರಿ ದಿನಕ್ಕೆ?"

"ಬೆಳಿಗ್ಗೆ ನಾಕು, ಸಂಜೆ ಮೂರು."

ಅವರು ಎದ್ದರು. "ನಮೂನೆ ಕೊಡಮ್ಮ ನೀಲಾಂಬಿಕೆ. ಇಲ್ಲ ಅಂತ ಒಂದು ಕಲಂ ಎಳಿ" ಅಂದರು. ನೀಲಾ ಗೆರೆಪಟ್ಟಿ ಇಟ್ಟು ಹೊಸ ಕಲಂ ಎಳೆದಳು, ಅವರು ಹಳೆಯದರ ಮೇಲೆ ಏನೂ ನಿಂತಿಲ್ಲ ಎಂದು ಕೆಳಗೆ ಬರೆದು ಸಹಿ ಹಾಕಿದರು.

ಹತ್ತು ಗಂಟೆಗೆ ಕಚೇರಿಯ ಅಂಗಳ ತುಂಬಿಹೋಯಿತು. ಕೀಳುತ್ತಾರಂತೆ ಎನ್ನುವ ಸುದ್ದಿಗೆ ಕೆಳಗಿನ ಊರೇ ಬಂದಿತ್ತು. ಬಾರದವರು ಮನೆಯಲ್ಲಿ ನಲ್ಲಿಯನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಕೂತಿದ್ದರಂತೆ. ಮೇಲಿನ ಬೀದಿಯ ಹೆಂಗಸರು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಒಂದು ಪಕ್ಕ ನಿಂತಿದ್ದರು. ಪದ್ಮರಾಜಯ್ಯನವರು ಮೆಟ್ಟಿಲ ಮೇಲೆ ನಿಂತು ಎಲ್ಲರೆದುರಿಗೆ ಹೇಳಿದರು. "ಏಳು ವರ್ಷದಿಂದ ಚೀಟಿ ನಾನೇ ಬರೀತಾ ಇದೀನಿ. ಮಿಷನ್ ಅಲ್ಲ. ತಪ್ಪಾಗಿದ್ರೆ ಬೈರಿ." ಹದಿನೆಂಟು ವಾಲ್ವ್‌ಮನ್‌ಗಳೂ ಜೇಬಿನಿಂದ ಅವತ್ತಿನ ಚೀಟಿ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು. ಅವರಲ್ಲಿ ಎಲ್ಲರಿಗಿಂತ ಜಗಳಗಂಟ ಒಬ್ಬನಿದ್ದ. ಅವನು ಚೀಟಿಯನ್ನು ಕಣ್ಣಿಗೊತ್ತಿಕೊಂಡು, "ಏನ್ ಸಾರ್ ನೀವು, ಒಂದ್ ದಿನ ಒಂದ್ ಮನೆಗೂ ಒಂದ್ ನಿಮಿಷ ಹೆಚ್ಚುಕಮ್ಮಿ ಮಾಡಿಲ್ವಲ್ಲ" ಅಂದ. ಆಮೇಲೆ ಬೈಯುವವರು ಯಾರು?

ಒಳಗೆ ಹೋಗಿ ಹಳೆಯದನ್ನು ತೆಗೆದದ್ದೂ ಪದ್ಮರಾಜಯ್ಯನವರೇ. ಕಿಟಕಿಗೆ ಮುಖ ಒತ್ತಿಕೊಂಡು ಊರು ನೋಡುತ್ತಿತ್ತು. ನಿಜವಾಗಿ ತೆಗೆಯಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದರು. ತಿಪ್ಪೇಶಿಯವರು ಮೇಜಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಏನೂ ಹೋಗಲಿಲ್ಲ. ಪ್ರಿಂಟರ್ ಇತ್ತು, ಬೀರು ಇತ್ತು, ಹೊರಗೆ ಅಂಗಳದ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಊರಿನ ಮೂಲೆ ಮೂಲೆಯಿಂದ ಜನ ಓಡಿ ಬಂದು ನಮ್ಮದು ಹೋಗಿಲ್ಲ, ನಮ್ಮದು ಹೋಗಿಲ್ಲ ಎಂದು ಹೇಳಿದರು.

ನೀಲಾ ಅವಸರ ಮಾಡಲಿಲ್ಲ. ಕಲಂ ಎಳೆದಿದ್ದ ನಮೂನೆ ತೆಗೆದುಕೊಂಡು ಮತ್ತೆ ಮೊದಲಿನಿಂದ ಆರು ಬಾಬತ್ತು ನೋಡಿದಳು, ಏಳನೆಯದಕ್ಕೆ ಹೊಸ ಕಲಂನಲ್ಲಿ ಗುರುತು ಹಾಕಿದಳು. ಡಿಸ್ಕು ಹಾಕಿದಳು. ಹಸಿರು ಪಟ್ಟಿ ಹೊರಟಿತು. ಅರ್ಧಕ್ಕೆ ಬಂದಾಗ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಪಟ್ಟಿ ಅಲ್ಲಿ ಒಂದು ಕ್ಷಣ ತಡೆಯಿತು, ಆಮೇಲೆ ಮುಂದಕ್ಕೆ ಹೋಗಿ ಕೊನೆ ಮುಟ್ಟಿತು. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಪೆಟ್ಟಿಗೆ ಇಟ್ಟಲ್ಲೇ ಇತ್ತು, ಮೇಲೆ ಸಣ್ಣಗೆ ಧೂಳು ಕೂಡ ಕೂತಿತ್ತು. ನಾನು ಒರೆಸಲಿಲ್ಲ. ನೀಲಾ ಕೂಗಿದ ಕೂಗಿಗೆ ಪಾರಿವಾಳಗಳೆಲ್ಲ ಹಾರಿಹೋದವು.

ಆರು ಗಂಟೆಗೆ ಅವಳು ಪ್ರೋಗ್ರಾಂ ಓಡಿಸಿದಳು. ಹದಿನೆಂಟು ವಾಲ್ವು ಒಂದೇ ಗಳಿಗೆಯಲ್ಲಿ ತಾವಾಗಿಯೇ ಮುಚ್ಚಿಕೊಂಡವು. ನಾನು ಅಷ್ಟರಲ್ಲಿ ಮೆಟ್ಟಿಲು ಹತ್ತಿ ಓಡುತ್ತಿದ್ದೆ, ಕೊಡ ಇಲ್ಲದೆ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು. ಮೇಲೆ ಮುಟ್ಟುವಷ್ಟರಲ್ಲಿ ಪೈಪುಗಳು ಕೆಮ್ಮತೊಡಗಿದ್ದವು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ಕೊಚ್ಚೆ, ಆಮೇಲೆ ಬಂತು ನೋಡಿ ನೀರು! ನಲ್ಲಿಯೇ ಇಲ್ಲದ ಅರವತ್ತು ಪೈಪಿನಿಂದ ಅರವತ್ತು ಧಾರೆ, ಎದುರು ಮನೆಯ ಗೋಡೆಗೆ ಬಡಿಯುವ ಹಾಗೆ. ಬೀದಿ ಹೊಳೆಯಾಯಿತು. ಮುದುಕಿಯರು ನಡುಬೀದಿಯಲ್ಲಿ ಕೂತು ಮೈಮೇಲೆ ಬಿಟ್ಟುಕೊಂಡರು. ನೀರು ಮೆಟ್ಟಿಲಿಳಿದು ಕೆಳಗಿನ ಊರಿಗೆ ಹರಿಯಿತು, ಅದರ ಜೊತೆಗೆ ನಮ್ಮ ಗಂಡಸರೂ ನಲ್ಲಿ ಅಂಗಡಿಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಊರಿನ ಅಂಗಡಿಗಳಲ್ಲಿ ಒಂದು ನಲ್ಲಿಯೂ ಉಳಿದಿರಲಿಲ್ಲ. ಸಂಜೆ ಪದ್ಮರಾಜಯ್ಯನವರು ನೀಲಾಳ ಕೈ ಹಿಡಿದುಕೊಂಡು, ಎಪ್ಪತ್ತನೆಯ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಂಡು, ಮೇಲಕ್ಕೆ ಬಂದರು. ಎಲ್ಲರ ಮನೆಯಲ್ಲೂ ಒಂದೊಂದು ಲೋಟ ನೀರು ಕುಡಿಯಲೇಬೇಕಾಯಿತು, ಪಾಪ.

ಮಾರನೆಯ ಬೆಳಿಗ್ಗೆ ಎದ್ದವಳೇ ಗೋಡೆ ಮುಟ್ಟಿ ನೋಡಿದೆ. ನಲ್ಲಿ ಅಲ್ಲೇ ಇತ್ತು, ತಣ್ಣಗೆ. ತಿರುಗಿಸಿದೆ. ಬಂತು. ನಿಲ್ಲಿಸಿದೆ. ಮತ್ತೆ ತಿರುಗಿಸಿದೆ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವತ್ತು ಕಚೇರಿಗೆ ತಡವಾಗಿ ಹೋದೆ, ಹನ್ನೊಂದು ಗಂಟೆಗೆ, ತಲೆಗೂದಲಿನಿಂದ ನೀರು ತೊಟ್ಟಿಕ್ಕಿಸಿಕೊಂಡು. ತಿಪ್ಪೇಶಿಯವರು ಕಾಫಿಯಿಲ್ಲದೆ ಒದ್ದಾಡುತ್ತಿದ್ದರು.

"ಎಲ್ಲಿ ಹೋಗಿದ್ರಿ ಚೌಡಮ್ಮ?"

"ಸ್ನಾನ ಮಾಡ್ತಿದ್ದೆ ಸಾರ್."

"ಇಷ್ಟು ಹೊತ್ತಾ?"

"ಹೌದು ಸಾರ್" ಅಂದೆ. "ಐವತ್ತನಾಲ್ಕು ವರ್ಷದ್ದು."